ಕೈ ಜೋಮು, ಕಾಲು ಉರಿ: ನರದಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಹಾಸನದಲ್ಲಿ ನರದ ವೇಗ ಅಳೆಯುವ ಪರೀಕ್ಷೆ, ಅಂದರೆ ಎನ್‌ಸಿವಿ ಮಾಡುವುದು ನನ್ನ ಕೆಲಸ. ಚೀಟಿಯಲ್ಲಿ ಡಾಕ್ಟರ್ ಏನೇ ಬರೆದಿರಲಿ, ಬಂದವರ ಬಾಯಲ್ಲಿ ಬರುವುದು ಒಂದೇ ಮಾತು: "ನರ ವೀಕ್ ಆಗಿದೆಯಂತೆ." ಇದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಯಾವ ನರ, ಅದರ ಯಾವ ಭಾಗ, ಎಷ್ಟು ದಿನದಿಂದ, ಒಂದು ಕಡೆಯೋ ಎರಡೂ ಕಡೆಯೋ ಅಂತ ಕೇಳುತ್ತಾ ಹೋದರೆ ಮಿಷನ್ ಆನ್ ಮಾಡುವ ಮುಂಚೆಯೇ ಅರ್ಧ ಉತ್ತರ ಸಿಕ್ಕಿರುತ್ತದೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಮಾತ್ರೆ ನುಂಗಬೇಡಿ, ಡಾಕ್ಟರ್ ಮುಂದೆ ಕೂತಾಗ ಸರಿಯಾಗಿ ಹೇಳುವುದಕ್ಕೆ ಬಳಸಿ.

ಮೊದಲು, ಕಾಯಬಾರದ ಕೇಸುಗಳು

ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆ ವಾಲಿತು, ಒಂದೇ ಕಡೆಯ ಕೈ ಕಾಲು ಸೋತಿತು, ಮಾತು ತೊದಲಿತು ಅಂದರೆ ಇದು ಮೆದುಳಿನ ಸಮಸ್ಯೆ, ಕೈ ನರದ್ದಲ್ಲ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಕಾಶ ನಾಲ್ಕೂವರೆ ಗಂಟೆ. ಕಳಸ, ಕೊಪ್ಪ ಕಡೆಯಿಂದ ಹೊರಟರೆ ಅದರಲ್ಲಿ ಎಷ್ಟು ಹೊತ್ತು ದಾರಿಯಲ್ಲೇ ಹೋಗುತ್ತದೆ ಅಂತ ನಿಮಗೇ ಗೊತ್ತು. ಆದ್ದರಿಂದ ಎಣ್ಣೆ ತಿಕ್ಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಜ್ವರವೋ ಭೇದಿಯೋ ಬಂದು ಹೋದ ಕೆಲವು ವಾರಕ್ಕೆ ಎರಡೂ ಕಾಲು ಸೋಲಲು ಶುರುವಾಗಿ, ದಿನದಿಂದ ದಿನಕ್ಕೆ ಸೋಲು ಮೇಲೇರುತ್ತಿದ್ದರೆ ಅವತ್ತೇ ಹೋಗಿ. ಅದು ಉಸಿರಾಟದವರೆಗೂ ಹೋಗಬಹುದು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅದೂ ಅವತ್ತಿನ ಕೆಲಸವೇ. ಹಾವು ಮತ್ತು ಔಷಧಿ ಸಿಂಪಡಣೆಯ ವಿಷಯ ಕೆಳಗೆ ಬರುತ್ತದೆ.

ನರಕೋಶ ಅಂದರೆ ಏನು, ಎಲ್ಲಿ ಕೆಡುತ್ತದೆ

ಬೇಗ ಮುಗಿಸುತ್ತೇನೆ, ಆದರೆ ಇದನ್ನು ಹಾರಿಸಿದರೆ ಮುಂದಿನದು ಅರ್ಥ ಆಗುವುದಿಲ್ಲ. ನರಕೋಶಕ್ಕೆ ಒಂದು ಒಡಲು ಇರುತ್ತದೆ. ಅದರಿಂದ ಗಿಡ್ಡ ಕವಲುಗಳು ಹೊರಟಿರುತ್ತವೆ, ಅವು ಸುದ್ದಿ ಪಡೆಯುತ್ತವೆ. ಒಂದು ಉದ್ದನೆಯ ಬಾಲ ಇರುತ್ತದೆ, ಅದು ಆಕ್ಸಾನ್, ಸುದ್ದಿ ಒಯ್ಯುತ್ತದೆ. ಬಾಲದ ತುದಿಯಲ್ಲಿ ಒಂದು ಸಂದು. ಅಲ್ಲಿಂದಾಚೆ ಇನ್ನೊಂದು ಕೋಶ ಅಥವಾ ಮಾಂಸಖಂಡ. ಸ್ಪರ್ಶ ತಿಳಿಸುವ ಕೋಶದ ಒಡಲು ಬೆನ್ನುಮೂಳೆಯ ಪಕ್ಕದ ಸಣ್ಣ ಗಂಟಿನಲ್ಲಿದೆ. ಸ್ನಾಯು ಆಡಿಸುವ ಕೋಶದ ಒಡಲು ಬೆನ್ನುಹುರಿಯ ಒಳಗೇ ಇದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಸೊಂಟ ನೋವಿಗೆ ಬಂದಾಗ ಬೇಕಾಗುತ್ತದೆ.

ಕೋಶ ಸುಮ್ನೆ ಕೂತಾಗ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಇದನ್ನು ಕಾಪಾಡುವುದಕ್ಕೆ ಕೋಶದ ಹೊರಗೋಡೆಯಲ್ಲಿರುವ ಪಂಪುಗಳು ಪ್ರತಿ ಸಲ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತಿರುತ್ತವೆ, ಹಗಲೂ ರಾತ್ರಿ. ಸುದ್ದಿ ಬಂದಾಗ ಸೋಡಿಯಂ ಬಾಗಿಲು ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ವೋಲ್ಟೇಜ್ ತಿರುಗುಮುರುಗಾಗಿ ಒಂದೆರಡು ಮಿಲಿಸೆಕೆಂಡಿನಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಇದನ್ನು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ಆಕ್ಸಾನಿನಲ್ಲಿ ಅಳೆದು 1952ರಲ್ಲಿ ಲೆಕ್ಕ ಸಮೇತ ಬರೆದರು, 1963ರಲ್ಲಿ ನೊಬೆಲ್ ಬಂತು. ಹಲ್ಲು ಕೀಳುವ ಮುಂಚೆ ಕೊಡುವ ಲಿಗ್ನೊಕೇನ್ ಇದೇ ಸೋಡಿಯಂ ಬಾಗಿಲನ್ನು ಮುಚ್ಚಿ ಕೂರುತ್ತದೆ. ದವಡೆ ಮರಗಟ್ಟುವುದು ಅದಕ್ಕೇ.

ದಪ್ಪ ಆಕ್ಸಾನುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಪೊರೆ ಇರುತ್ತದೆ. ಪೊರೆಯ ನಡುವೆ ಅಲ್ಲಲ್ಲಿ ಬಿಡುವು. ಸುದ್ದಿ ಬಿಡುವಿನಿಂದ ಬಿಡುವಿಗೆ ಜಿಗಿಯುತ್ತದೆ, ಹಾಗಾಗಿ ಸೆಕೆಂಡಿಗೆ 120 ಮೀಟರ್‌ವರೆಗೂ ಓಡಬಹುದು. ಪೊರೆ ಇಲ್ಲದ ಸಣ್ಣ ನಾರುಗಳದ್ದು ಸೆಕೆಂಡಿಗೆ ಒಂದೆರಡು ಮೀಟರ್, ಅಷ್ಟೇ. ಕಾಲ್ಬೆರಳು ಬಾಗಿಲಿಗೆ ಬಡಿದಾಗ ಮೊದಲು ಬಡಿದದ್ದು ಗೊತ್ತಾಗಿ, ಆಮೇಲೆ ಒಂದು ಚೂರು ತಡೆದು ಜೀವ ಹೋಗುವ ನೋವು ಬರುತ್ತದೆ, ಅಲ್ವಾ? ಆ ತಡ ಈ ಸಣ್ಣ ನಾರುಗಳದ್ದು.

ಅಂದರೆ ಕೆಡುವ ಜಾಗ ನಾಲ್ಕು: ಒಡಲು, ಬಾಲ, ಪೊರೆ, ಸಂದು. ಪ್ರತಿಯೊಂದೂ ಕೆಡುವ ರೀತಿ ಬೇರೆ.

ಯಾವ ಬೆರಳು?

"ಯಾವ ಬೆರಳು ಜೋಮು ಅಮ್ಮಾ?" ಅಂತ ಕೇಳಿದರೆ "ಎಲ್ಲಾನೂ ಕಣಪ್ಪ" ಅಂತಾರೆ. ಆಗ ನಾನು ಪೆನ್ನು ಕೊಟ್ಟು, ರಾತ್ರಿ ಎದ್ದಾಗ ಎಲ್ಲಿ ಜೋಮು ಇರುತ್ತದೋ ಅಲ್ಲಿ ನೀವೇ ಗೆರೆ ಹಾಕಿ ಅನ್ನುತ್ತೇನೆ. ಹತ್ತರಲ್ಲಿ ಎಂಟು ಸಲ ಕಿರುಬೆರಳಿಗೆ ಗೆರೆ ಬೀಳುವುದಿಲ್ಲ ಅಂತ ಹೇಳಿದರೆ ಲೆಕ್ಕ ಇಟ್ಟಿದ್ದೀಯಾ ಅಂತ ಕೇಳುತ್ತೀರಿ. ಲೆಕ್ಕ ಇಟ್ಟಿಲ್ಲ, ಬಹಳ ಸಲ ಅಂತ ಇಟ್ಟುಕೊಳ್ಳಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತೆ ಉಂಗುರದ ಬೆರಳಿನ ಅರ್ಧ, ಅಂದರೆ ನಡುಬೆರಳಿನ ಕಡೆಯ ಅರ್ಧ: ಇಷ್ಟು ಮೀಡಿಯನ್ ನರದ್ದು. ಕಿರುಬೆರಳು ಮತ್ತು ಉಂಗುರದ ಬೆರಳಿನ ಇನ್ನರ್ಧ ಅಲ್ನರ್ ನರದ್ದು. ಪೆನ್ನಿನ ಕ್ಯಾಪಿನಿಂದ ಉಂಗುರದ ಬೆರಳಿನ ಒಂದು ಬದಿ ಮೆಲ್ಲಗೆ ಸವರಿ, ಆಮೇಲೆ ಇನ್ನೊಂದು ಬದಿ ಸವರಿ. ಎರಡೂ ಕಡೆ ಬೇರೆ ಬೇರೆ ಅನಿಸಿದರೆ ತಪ್ಪು ಕುತ್ತಿಗೆಯಲ್ಲಿರುವ ಸಾಧ್ಯತೆ ಕಡಿಮೆ, ಕೈಯ ನರದಲ್ಲೇ ಇರುವ ಸಾಧ್ಯತೆ ಜಾಸ್ತಿ. ಮನೆಯಲ್ಲೇ ಮಾಡಬಹುದಾದ ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೀಡಿಯನ್ ನರ ಮಣಿಕಟ್ಟಿನ ಇಕ್ಕಟ್ಟಿನಲ್ಲಿ, ಒಂಬತ್ತು ಸ್ನಾಯುರಜ್ಜುಗಳ ಜೊತೆ ತೂರಿಕೊಂಡು ಹೋಗುತ್ತದೆ. ಅಲ್ಲಿ ಊದಿಕೊಂಡರೆ ನರ ಅದುಮಿಹೋಗುತ್ತದೆ. ಕಾರ್ಪಲ್ ಟನಲ್ ಅನ್ನುವುದು ಇದನ್ನೇ. ರಾತ್ರಿ ಜೋಮಿನಿಂದ ಎಚ್ಚರ ಆಗಿ, ಕೈ ಕೊಡವಿದರೆ ಸರಿಹೋಗುತ್ತದೆ ಅಂದರೆ ಬಹುತೇಕ ಇದೇ. ಎರಡೂ ಕೈಯ ಹಿಂಭಾಗ ಒಂದಕ್ಕೊಂದು ತಾಗಿಸಿ ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯಿರಿ. ಅಷ್ಟರಲ್ಲಿ ಆ ಬೆರಳುಗಳು ಜುಮ್ ಅಂದರೆ ಅನುಮಾನ ಇನ್ನೂ ಗಟ್ಟಿ. ಹೆಬ್ಬೆರಳಿನ ಬುಡದ ಅಂಗೈ ಚರ್ಮ ಮಾತ್ರ ಸರಿಯಾಗೇ ಇರುತ್ತದೆ, ಯಾಕೆಂದರೆ ಅದಕ್ಕೆ ಹೋಗುವ ಕವಲು ಇಕ್ಕಟ್ಟಿಗೆ ಮುಂಚೆಯೇ ಬೇರೆಯಾಗಿರುತ್ತದೆ. ಅಲ್ಲೂ ಮರಗಟ್ಟಿದೆ ಅಂದರೆ ಇನ್ನೂ ಮೇಲೆ ಹುಡುಕಬೇಕು.

ನಮ್ಮ ಕಡೆ ಯಾರಿಗೆ ಬರುತ್ತದೆ? ತೋಟದಲ್ಲಿ ಕಳೆ ಹೊಡೆಯುವ ಮಿಷನ್ ಹಿಡಿಯುವವರಿಗೆ, ಗಿಡಗಸಿ, ಅಂದರೆ ಕಾಫಿ ಗಿಡದ ರೆಂಬೆ ಸವರುವ ಕಾಲದಲ್ಲಿ ದಿನವಿಡೀ ಕತ್ತರಿ ಅದುಮುವವರಿಗೆ, ಕೈಯಲ್ಲೇ ಹಾಲು ಕರೆಯುವವರಿಗೆ, ಟೈಲರ್‌ಗಳಿಗೆ. ಜೊತೆಗೆ ಥೈರಾಯ್ಡ್, ಶುಗರ್, ಬಸುರಿನ ಕೊನೆಯ ತಿಂಗಳುಗಳು. ಶುರುವಿನಲ್ಲೇ ಗೊತ್ತಾದರೆ ರಾತ್ರಿ ಮಣಿಕಟ್ಟು ನೆಟ್ಟಗಿಡುವ ಪಟ್ಟಿ ಕಟ್ಟಿಕೊಂಡು ಮಲಗುವುದರಲ್ಲೇ ಬಹಳ ಜನಕ್ಕೆ ಕಡಿಮೆ ಆಗುತ್ತದೆ. ಹೆಬ್ಬೆರಳಿನ ಬುಡದ ಉಬ್ಬು ಸೊರಗಿ ಚಪ್ಪಟೆ ಆದ ಮೇಲೆ ಬಂದರೆ ಆಪರೇಷನ್ ಮಾಡಿದರೂ ಪೂರ್ತಿ ಬಲ ಬರುತ್ತದೆ ಅಂತ ಹೇಳಲು ಆಗುವುದಿಲ್ಲ.

ಮಿಷನ್ನಿನಲ್ಲಿ ಇದನ್ನು ಹಿಡಿಯುವ ರೀತಿ ನನಗೆ ತುಂಬಾ ಇಷ್ಟ. ಉಂಗುರದ ಬೆರಳಿಗೆ ಎರಡೂ ನರ ಬರುತ್ತವಲ್ಲ, ಮಣಿಕಟ್ಟಿನಲ್ಲಿ ಒಂದೇ ದೂರದಿಂದ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಸಣ್ಣ ಕರೆಂಟ್ ಕೊಟ್ಟು, ಆ ಬೆರಳಿಗೆ ಸುತ್ತಿದ ರಿಂಗಿನಲ್ಲಿ ಸುದ್ದಿ ಯಾವಾಗ ತಲುಪಿತು ಅಂತ ನೋಡುತ್ತೇವೆ. ಮೀಡಿಯನ್ ಅರ್ಧ ಮಿಲಿಸೆಕೆಂಡ್ ತಡವಾಗಿ ಬಂದರೆ ಸಾಕು, ಸಿಕ್ಕಿಬಿತ್ತು. ಅರ್ಧ ಮಿಲಿಸೆಕೆಂಡ್ ಅಂದರೆ ಸೆಕೆಂಡಿನ 2,000ದಲ್ಲಿ ಒಂದು ಭಾಗ.

ಕಿರುಬೆರಳಿನ ಕಡೆ ಜೋಮು ಇದ್ದರೆ ಮೊಣಕೈ ನೋಡಿ. ಅಲ್ಲಿ ಮೂಳೆಯ ಹಿಂದೆ ಅಲ್ನರ್ ನರ ಚರ್ಮದ ಕೆಳಗೇ ಇದೆ. ಜೀಪಿನ ಕಿಟಕಿಗೆ ಮೊಣಕೈ ಊರಿ ಗಾಡಿ ಓಡಿಸುವುದು, ಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವುದು ಮಾಮೂಲಿ ಕಾರಣ. ಆದರೆ ಇನ್ನೊಂದು ಕಾರಣ ಇದೆ, ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ: ಕುಷ್ಠ. ಆ ಬ್ಯಾಕ್ಟೀರಿಯಾ ಮಯಲಿನ್ ಕಟ್ಟುವ ಶ್ವಾನ್ ಕೋಶದೊಳಗೇ ಮನೆ ಮಾಡುತ್ತದೆ, ದೇಹದ ತಂಪಾದ ಜಾಗ ಹುಡುಕುತ್ತದೆ. ಮೊಣಕೈ ಹಿಂದಿನ ನರ ದಪ್ಪಗೆ ಕೈಗೆ ಸಿಗುತ್ತಿದ್ದರೆ, ಮೈಮೇಲೆ ಎಲ್ಲಾದರೂ ಮುಟ್ಟಿದ್ದು ಗೊತ್ತಾಗದ ತಿಳಿ ಮಚ್ಚೆ ಇದ್ದರೆ ಬಾಯಿಬಿಟ್ಟು ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳಿಗೆ ಮುಗಿಯುತ್ತದೆ. ಮುಚ್ಚಿಟ್ಟುಕೊಂಡು ಬೆರಳು ಮಡಚಿಕೊಂಡ ಮೇಲೆ ಬಂದರೆ ರೋಗ ಹೋಗುತ್ತದೆ, ಬೆರಳು ನೆಟ್ಟಗಾಗುವುದು ಕಷ್ಟ.

ಎರಡೂ ಪಾದ ಒಟ್ಟಿಗೆ

ಒಂದು ನರ ಅದುಮಿದರೆ ಒಂದು ಕಡೆ ತೊಂದರೆ. ಎರಡೂ ಪಾದದ ಬೆರಳುಗಳಿಂದ ಶುರುವಾಗಿ ಕಾಲುಚೀಲದ ಮಟ್ಟಕ್ಕೆ ಏರಿ, ಮೊಣಕಾಲ ಹತ್ತಿರ ಬರುವಷ್ಟರಲ್ಲಿ ಕೈಬೆರಳ ತುದಿಯಲ್ಲೂ ಶುರುವಾಯಿತು ಅಂದರೆ ಕಾರಣ ರಕ್ತದಲ್ಲಿ ಹುಡುಕಬೇಕು. ಪಾದದಿಂದಲೇ ಯಾಕೆ? ಕಾಲ್ಬೆರಳಿನ ಕೋಶದ ಒಡಲು ಇರುವುದು ಸೊಂಟದಲ್ಲಿ. ಬಾಲ ಹೆಚ್ಚುಕಡಿಮೆ ಒಂದು ಮೀಟರ್. ಬಾಲಕ್ಕೆ ಬೇಕಾದ ಪ್ರೋಟೀನ್ ಬಹುಪಾಲು ಒಡಲಲ್ಲೇ ತಯಾರಾಗಿ ಸಾಗಬೇಕು, ವೇಗದ ಸಾಗಣೆಯೂ ದಿನಕ್ಕೆ ಸುಮಾರು 400 ಮಿಲಿಮೀಟರ್. ಹೇಮಾವತಿ ನಾಲೆಯಲ್ಲಿ ನೀರು ಕಡಿಮೆ ಆದಾಗ ಮೊದಲು ಒಣಗುವುದು ಕೊನೆಯ ತುದಿಯ ಗದ್ದೆ, ಇಲ್ಲೂ ಅದೇ ನ್ಯಾಯ.

ಶುಗರ್ ಮೊದಲ ಅನುಮಾನ. ಆಮೇಲೆ ಬಿ12, ಕುಡಿತ, ಥೈರಾಯ್ಡ್, ಕಿಡ್ನಿ. ಹತ್ತು ವರ್ಷದಿಂದ ಶುಗರ್ ಇರುವವರು "ಉರಿ ಇತ್ತು, ಈಗ ಕಡಿಮೆ ಆಯ್ತು" ಅಂತ ಖುಷಿಯಿಂದ ಹೇಳುವಾಗ ನನಗೆ ಗಾಬರಿ ಆಗುತ್ತದೆ. ನಾರು ಸತ್ತಾಗಲೂ ಉರಿ ನಿಲ್ಲುತ್ತದೆ. ಡಾಕ್ಟರ್ ಹತ್ತಿರ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇರುತ್ತದೆ, 128 ಹರ್ಟ್ಸ್‌ನ ಶ್ರುತಿಕವಲು ಇರುತ್ತದೆ. ಕಣ್ಣು ಮುಚ್ಚಿಸಿ ಪಾದಕ್ಕೆ ಎಳೆ ಒತ್ತುತ್ತಾರೆ, ಹೆಬ್ಬೆರಳ ಮೂಳೆಗೆ ಕವಲು ಇಟ್ಟು ಕಂಪನ ಗೊತ್ತಾಗುತ್ತದಾ ಅಂತ ಕೇಳುತ್ತಾರೆ. ಎರಡು ನಿಮಿಷದ ಕೆಲಸ. ಮಾಡದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಇಂಬಳ, ಅಂದರೆ ಜಿಗಣೆ ಕಚ್ಚಿದ್ದು ಗೊತ್ತಾಗಲಿಲ್ಲ ಅಂತ ಮಾತ್ರ ಹೆದರಬೇಡಿ, ಅದು ಯಾರಿಗೂ ಗೊತ್ತಾಗುವುದಿಲ್ಲ.

ಸ್ಪರ್ಶ ಹೋಗಿದೆ ಅಂತ ಗೊತ್ತಾದ ಮೇಲೆ ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ. ಹಂಡೆ ನೀರಿನ ಬಿಸಿಯನ್ನು ಕಾಲಿಟ್ಟು ನೋಡಬೇಡಿ, ಮೊಣಕೈ ಅದ್ದಿ ನೋಡಿ. ಮಳೆಗಾಲದಲ್ಲಿ ಒಲೆ ಮುಂದೆ ಕಾಲು ಚಾಚಿ ಕಾಯಿಸುವ ಅಭ್ಯಾಸ ಇದೆಯಲ್ಲ, ಅದನ್ನೂ ಬಿಡಿ. ಬೊಬ್ಬೆ ಎದ್ದಿದ್ದು ಮಾರನೇ ದಿನ ಬೇರೆಯವರು ನೋಡಿ ಹೇಳುವವರೆಗೆ ಗೊತ್ತೇ ಆಗುವುದಿಲ್ಲ.

ಬಿ12 ಕೊರತೆಯ ಗುರುತು ಬೇರೆ. ಮಯಲಿನ್ ಸರಿಯಾಗಿರುವುದಕ್ಕೆ ಬಿ12 ಬೇಕು. ಅದು ಕಡಿಮೆ ಆದರೆ ಕಾಲಿನ ನರ ಮಾತ್ರ ಅಲ್ಲ, ಬೆನ್ನುಹುರಿಯ ಹಿಂಭಾಗವೂ ಕೆಡುತ್ತದೆ, ಕಾಲು ಎಲ್ಲಿದೆ ಅಂತ ಮೆದುಳಿಗೆ ತಿಳಿಸುವ ದಾರಿ ಅದೇ. ಬೆಳಕಿದ್ದಾಗ ಕಣ್ಣು ಆ ಕೊರತೆ ತುಂಬುತ್ತದೆ. ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ಜೋಲಿ ಹೊಡೆದು ಗೋಡೆ ಹಿಡಿಯಬೇಕಾಗುತ್ತದಾ? ಕರೆಂಟ್ ಹೋದಾಗ ನಡೆಯುವುದಕ್ಕೆ ಭಯವಾ? ಹಾಗಿದ್ದರೆ ಇದನ್ನು ಮೊದಲು ಹೇಳಿ. ಮಾಂಸ ಮೊಟ್ಟೆ ತಿನ್ನದವರಿಗೆ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಶುಗರ್‌ನವರಿಗೆ ಇದರ ಸಾಧ್ಯತೆ ಜಾಸ್ತಿ. ರಕ್ತ ಕಡಿಮೆ ಅಂತ ಬರೀ ಫೋಲಿಕ್ ಆಸಿಡ್ ನುಂಗಿದರೆ ರಕ್ತ ಸುಧಾರಿಸುತ್ತದೆ, ನರ ಒಳಗೊಳಗೇ ಕೆಡುತ್ತಾ ಹೋಗುತ್ತದೆ. ಬಿ12 ಪರೀಕ್ಷೆ ಮೊದಲು ಮಾಡಿಸಿ.

ಸೊಂಟದಿಂದ ಕಾಲಿಗೆ

ಸೊಂಟದಿಂದ ಒಂದೇ ಕಾಲಿನಲ್ಲಿ ಪಟ್ಟಿ ಎಳೆದಂತೆ ಇಳಿಯುವ ನೋವು, ಕೆಮ್ಮಿದರೆ ಸೀನಿದರೆ ಜಾಸ್ತಿ: ಬೆನ್ನುಮೂಳೆಯ ಹತ್ತಿರ ನರದ ಬೇರು ಅದುಮಿರಬೇಕು. ಇವರು ನನ್ನ ಹತ್ತಿರ ಬಂದರೆ ಒಂದು ವಿಚಿತ್ರ ನಡೆಯುತ್ತದೆ. ಪಾದ ಮರಗಟ್ಟಿದೆ ಅನ್ನುತ್ತಾರೆ, ನಾನು ಅದೇ ಪಾದದ ಸ್ಪರ್ಶ ನರ ಪರೀಕ್ಷಿಸಿದರೆ ನೂರಕ್ಕೆ ನೂರು ಸರಿ ಬರುತ್ತದೆ. ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಸ್ಪರ್ಶ ಕೋಶದ ಒಡಲು ಬೆನ್ನುಹುರಿಯ ಹೊರಗಿನ ಗಂಟಿನಲ್ಲಿದೆ ಅಂತ ಹೇಳಿದ್ದೆನಲ್ಲ, ಡಿಸ್ಕ್ ಸಾಮಾನ್ಯವಾಗಿ ಅದುಮುವುದು ಗಂಟಿಗಿಂತ ಒಳಗೆ. ಒಡಲು ಮತ್ತು ಕಾಲಿಗೆ ಹೋಗುವ ಬಾಲ ಒಟ್ಟಿಗೇ ಇವೆ, ಹಾಗಾಗಿ ಬಾಲ ಸಾಯುವುದಿಲ್ಲ, ಸುದ್ದಿ ಬೆನ್ನುಹುರಿಗೆ ಮುಟ್ಟುವುದಿಲ್ಲ ಅಷ್ಟೇ. ಮರಗಟ್ಟಿದ ಪಾದದಲ್ಲಿ ಸರಿಯಾದ ರಿಪೋರ್ಟ್ ಬಂದದ್ದೇ ತಪ್ಪು ಮೇಲಿದೆ ಅನ್ನುವುದಕ್ಕೆ ಸಾಕ್ಷಿ. "ಟೆಸ್ಟ್ ನಾರ್ಮಲ್, ದುಡ್ಡು ದಂಡ" ಅಂತ ಬೇಜಾರು ಮಾಡಿಕೊಂಡು ರಿಪೋರ್ಟ್ ಬಿಸಾಡಬೇಡಿ, ಡಾಕ್ಟರ್‌ಗೆ ತೋರಿಸಿ.

ಪಾದ ಅಥವಾ ಮುಂಗೈ ಜೋತುಬಿದ್ದರೆ

ಕುಕ್ಕರುಗಾಲಲ್ಲಿ ಕೂತು ದಿನವಿಡೀ ಕೆಲಸ ಮಾಡಿ ಎದ್ದರೆ ಪಾದ ಮೇಲೆತ್ತಲು ಬರುವುದಿಲ್ಲ, ಚಪ್ಪಲಿ ನೆಲಕ್ಕೆ ಎಡವುತ್ತದೆ. ಮೊಣಕಾಲ ಹೊರಬದಿಯ ಮೂಳೆಗೆ ಸುತ್ತಿಕೊಂಡ ನರ ಅದುಮಿರುತ್ತದೆ. ಕುಡಿದು ಕುರ್ಚಿಯ ಮೇಲೆ ತೋಳು ಹಾಕಿ ನಿದ್ದೆ ಹೋದವರಿಗೆ ಬೆಳಿಗ್ಗೆ ಮುಂಗೈ ಜೋತುಬೀಳುವುದೂ ಇದೇ ಬಗೆ. ಪೊರೆ ಮಾತ್ರ ಜಜ್ಜಿದ್ದರೆ ಕೆಲವು ವಾರದಿಂದ ಎರಡು ಮೂರು ತಿಂಗಳಲ್ಲಿ ತಾನಾಗೇ ಸರಿಹೋಗುತ್ತದೆ. ಬಾಲವೇ ತುಂಡಾಗಿದ್ದರೆ ಹೊಸದಾಗಿ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈ ಹತ್ತಿರ ಕತ್ತಿ ಬಿದ್ದು ನರ ತುಂಡಾದರೆ, ಹೊಲಿದ ಮೇಲೂ ಅಂಗೈ ತಲುಪಲು 300 ದಿನ ಬೇಕು. ಮಧ್ಯದಲ್ಲಿ ಸೋತು ಬೇರೆ ಮದ್ದು ಹುಡುಕಿಕೊಂಡು ಹೋಗುವವರೇ ಜಾಸ್ತಿ.

ಪೆಟ್ಟು ಬಿದ್ದ ಮಾರನೇ ದಿನವೇ ಪರೀಕ್ಷೆಗೆ ಓಡಿಬರಬೇಡಿ. ತುಂಡಾದ ಬಾಲದ ಕೆಳಭಾಗ ಇನ್ನೂ ಕೆಲವು ದಿನ ಕರೆಂಟಿಗೆ ಸ್ಪಂದಿಸುತ್ತಿರುತ್ತದೆ, ನನ್ನ ಮಿಷನ್ ಅಲ್ಲಿ ಎಲ್ಲಾ ಸರಿ ಅನ್ನುತ್ತದೆ. ಸೂಜಿ ಚುಚ್ಚಿ ಮಾಡುವ ಇಎಂಜಿಯಲ್ಲಿ ಗುರುತು ಕಾಣುವುದಕ್ಕೆ ಎರಡು ಮೂರು ವಾರ ಬೇಕು. ಡಾಕ್ಟರ್‌ಗೆ ಮಾತ್ರ ಅವತ್ತೇ ತೋರಿಸಿ, ಅದರಲ್ಲೂ ಕತ್ತಿ ಗಾಯ ಆಗಿದ್ದರೆ.

ಮುಟ್ಟಿದ್ದು ಗೊತ್ತಾಗುತ್ತದೆ, ಬಲ ಇಲ್ಲ

ಸ್ಪರ್ಶ ಸರಿಯಾಗಿದ್ದು ಬಲ ಮಾತ್ರ ಹೋದರೆ ಸಂದಿನ ಮೇಲೆ ಕಣ್ಣಿಡಿ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ, ಆಚೆ ದಡದ ಸ್ನಾಯು ಅದನ್ನು ಹಿಡಿದು ಮುದುಡುತ್ತದೆ, ಕೂಡಲೇ ಒಂದು ಕಿಣ್ವ ಉಳಿದದ್ದನ್ನು ಒಡೆದು ಹಾಕುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಜೋತು, ಒಂದು ಎರಡಾಗಿ ಕಂಡು, ಅಗಿಯುತ್ತಾ ಅಗಿಯುತ್ತಾ ದವಡೆ ಸೋತರೆ ಮಯಸ್ತೀನಿಯಾ ಇರಬಹುದು. ಇಲ್ಲಿ ಸ್ನಾಯುವಿನ ಕಡೆ ಆ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳನ್ನು ನಮ್ಮದೇ ರೋಗನಿರೋಧಕ ಶಕ್ತಿ ಹಾಳು ಮಾಡುತ್ತಿರುತ್ತದೆ.

ಕಟ್ಟುಹಾವಿನ ವಿಷ ಇದೇ ಸಂದಿನಲ್ಲಿ ನರದ ತುದಿಯನ್ನು ಕೆಡಿಸುತ್ತದೆ. ಅದು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ನೋವು, ಊತ ಇರುವುದೇ ಇಲ್ಲ ಅನ್ನಬಹುದು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ನೆಲದಲ್ಲಿ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಎತ್ತಲಾಗದೆ, ನುಂಗಲಾಗದೆ ಇದ್ದರೆ ಗ್ಯಾಸ್ ಮಾತ್ರೆ ಕೊಟ್ಟು ಕೂರಬೇಡಿ. ಕಚ್ಚಿದ ಗುರುತು ಕಾಣದಿದ್ದರೂ ಹಾವು ಅಂತಲೇ ತಿಳಿದು ಆಸ್ಪತ್ರೆಗೆ ಒಯ್ಯಿರಿ. ವಿಷನಿರೋಧಕ ಬೇಗ ಬೀಳಬೇಕು, ಯಾಕೆಂದರೆ ಕೆಟ್ಟುಹೋದ ತುದಿಯನ್ನು ಅದು ಸರಿಮಾಡುವುದಿಲ್ಲ. ತುದಿ ಮತ್ತೆ ಬೆಳೆಯುವವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು. ಹಾಗೆ ಉಸಿರಾಡಿಸಿದವರಲ್ಲಿ ಬಹಳ ಜನ ಎದ್ದು ನಡೆದು ಮನೆಗೆ ಹೋಗುತ್ತಾರೆ, ಅದಕ್ಕೇ ಕೈಚೆಲ್ಲಬಾರದು.

ಕೀಟನಾಶಕದಲ್ಲಿ ಇದರ ಉಲ್ಟಾ. ಕಾಫಿಯ ಬಿಳಿ ಕಾಂಡಕೊರಕಕ್ಕೆ ಬಳಸುತ್ತಾ ಬಂದ ಕ್ಲೋರ್‌ಪೈರಿಫಾಸ್ ಥರದವು ಆ ಕಿಣ್ವವನ್ನೇ ತಡೆಯುತ್ತವೆ, ಅಸಿಟೈಲ್‌ಕೋಲಿನ್ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಜೊಲ್ಲು, ಕಣ್ಣೀರು, ಬೆವರು, ವಾಂತಿ, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಪಾಪೆ, ಸ್ನಾಯು ಅದುರುವುದು, ಆಮೇಲೆ ಪೂರ್ತಿ ಸೋಲು. ಬಟ್ಟೆ ಬಿಚ್ಚಿಸಿ, ಸೋಪು ನೀರಲ್ಲಿ ಮೈ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ. ತೊಳೆಯುವವರು ಗ್ಲೌಸ್ ಹಾಕಿಕೊಳ್ಳಿ, ಅದು ಚರ್ಮದಿಂದಲೇ ಒಳಗೆ ಹೋಗುತ್ತದೆ.

ಪರೀಕ್ಷೆಗೆ ಬರುವ ಮುಂಚೆ

ಕೈ ತಣ್ಣಗಿದ್ದರೆ ನರ ನಿಧಾನ ಆಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 2 ಮೀಟರ್. ಕೈಯಲ್ಲಿ ಸೆಕೆಂಡಿಗೆ 50 ಮೀಟರ್, ಕಾಲಲ್ಲಿ 40 ಇದ್ದರೆ ಸರಿ ಅನ್ನುವ ಲೆಕ್ಕದಲ್ಲಿ ಇದು ಸಣ್ಣದಲ್ಲ. ಜುಲೈ ಮಳೆಯಲ್ಲಿ ಮೂಡಿಗೆರೆಯಿಂದ ಬೈಕಲ್ಲಿ ಬಂದವರ ಕೈ ಮುಟ್ಟಿದರೆ ಐಸು. ಬಿಸಿನೀರಲ್ಲಿ ಕೈ ಅದ್ದಿಸಿ, ಚರ್ಮ 32 ಡಿಗ್ರಿ ಆಗುವವರೆಗೆ ಕಾದು ಆಮೇಲೆ ಮಾಡುತ್ತೇವೆ, ಕಾಯದೆ ಮಾಡಿದರೆ ಇಲ್ಲದ ರೋಗ ರಿಪೋರ್ಟಿನಲ್ಲಿ ಬರುತ್ತದೆ. ಎಲ್ಲಾ ನರವೂ ಒಂದೇ ಸಮ ನಿಧಾನ ಅಂತ ಬಂದಿದ್ದರೆ "ಕೈ ಬೆಚ್ಚಗಿತ್ತಾ?" ಅಂತ ಧೈರ್ಯವಾಗಿ ಕೇಳಿ.

ರಿಪೋರ್ಟಿನಲ್ಲಿ ಎರಡು ಸಂಖ್ಯೆ ನೋಡಿ. ವೇಗ ಇಳಿದಿದ್ದರೆ ಪೊರೆ ಕೆಟ್ಟಿದೆ. ಅಲೆಯ ಎತ್ತರ ಇಳಿದಿದ್ದರೆ ಬಾಲಗಳ ಸಂಖ್ಯೆ ಕಡಿಮೆ ಆಗಿದೆ. ಪೊರೆಯಿಲ್ಲದ ಸಣ್ಣ ನಾರು ನಮ್ಮ ಮಿಷನ್ನಿಗೆ ಕಾಣುವುದೇ ಇಲ್ಲ. ಆದ್ದರಿಂದ ಪಾದ ಉರಿಯುತ್ತಿದ್ದು ರಿಪೋರ್ಟ್ ಚೆನ್ನಾಗಿ ಬಂದರೆ ಉರಿ ಸುಳ್ಳು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೊನೆಯದಾಗಿ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಅಲ್ಲ, ಖಾಲಿ ಶೀಟುಗಳನ್ನೇ ತನ್ನಿ. ನರಕ್ಕೆ ಒಳ್ಳೆಯದು ಅಂತ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವ ಮಾತ್ರೆಯಲ್ಲಿ ಬಿ6 ಜಾಸ್ತಿ ಇದ್ದರೆ ಅದೇ ಸ್ಪರ್ಶ ನರವನ್ನು ಹಾಳು ಮಾಡುತ್ತದೆ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ತಗೊಳ್ಳುವವರಿದ್ದಾರೆ, ಎಲ್ಲದರಲ್ಲೂ ಬಿ6 ಇರಬಹುದು. ಪಟ್ಟಿಯಲ್ಲಿ ಹೆಸರು ಮಾತ್ರ ಬರೆದಿರುತ್ತೀರಿ, ಶೀಟಿನ ಹಿಂದೆ ಎಷ್ಟು ಮಿಲಿಗ್ರಾಂ ಅಂತಲೂ ಇರುತ್ತದೆ.